ಹಳೆಯ ಜೀಪಿಗೆ ಟ್ರೈಲರ್ ಕಟ್ಟುವ ಮುನ್ನ



ಸೊರಬ ತಾಲ್ಲೂಕಿನ ಕುಬಟೂರು, ಆನವಟ್ಟಿ ಕಡೆಯಾಗಲಿ, ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಕಡೆಯಾಗಲಿ, ಹಳೆಯದೊಂದು ಮಹೀಂದ್ರ ಜೀಪು ಅಥವಾ ಹದಿನೈದು ವರ್ಷ ದುಡಿದ ಬೊಲೆರೊ, ಸುಮೊ ಅಂಗಳದಲ್ಲಿ ನಿಂತಿರುವ ಮನೆಗಳು ಇವೆ. ಹಸಿ ಮೇವು ತರಲು, ಪಶು ಆಹಾರದ ಚೀಲ ಸಾಗಿಸಲು, ಹಾಲಿನ ಕ್ಯಾನುಗಳನ್ನು ಸಂಘಕ್ಕೆ ಮುಟ್ಟಿಸಲು ಪ್ರತಿ ಸಲವೂ ಟ್ರ್ಯಾಕ್ಟರಿಗೆ ಹೇಳಿ ಕಾಯುವ ಬದಲು, ಇರುವ ವಾಹನದ ಹಿಂದೆಯೇ ಒಂದು ಸಣ್ಣ ಟ್ರೈಲರ್ ಕಟ್ಟಿಕೊಳ್ಳಬಾರದೇ ಎಂಬ ಯೋಚನೆ ಬರುವುದು ಸಹಜ. ಯೋಚನೆ ತಪ್ಪೇನಲ್ಲ. ಆದರೆ ಅದಕ್ಕೆ ಮೊದಲು ಒಂದಷ್ಟು ಲೆಕ್ಕ, ಒಂದಷ್ಟು ರಿಪೇರಿ ಆಗಬೇಕು. ಅದನ್ನು ಇಲ್ಲಿ ವಿವರವಾಗಿ ನೋಡೋಣ.

ಈ ವಿಷಯದಲ್ಲಿ ಎಲ್ಲರೂ ಮೊದಲು ಕೇಳುವುದು "ನನ್ನ ಗಾಡಿ ಎಷ್ಟು ಎಳೆಯುತ್ತದೆ?" ಎಂದು. ಡೀಸೆಲ್ ಜೀಪು ಮೊದಲ ಗೇರಿನಲ್ಲಿ ಎರಡು ಟನ್ ಆದರೂ ಎಳೆದೀತು. ಅದರಿಂದ ತಿಳಿಯುವುದು ಏನೂ ಇಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡು ಇವೆ. ಹಿಂದಿನ ಕೊಂಡಿಯ ಮೇಲೆ ಎಷ್ಟು ಭಾರ ಕೂರಿಸಬಹುದು? ಟ್ರೈಲರಿನ ಸಮೇತ ವಾಹನವನ್ನು ಎಷ್ಟು ದೂರದೊಳಗೆ ನಿಲ್ಲಿಸಬಹುದು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಹೊರೆ ಎಷ್ಟೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಯಾವ ವಾಹನ ತಕ್ಕದ್ದು?

ಹಳೆಯ ಜೀಪು, ಕಮಾಂಡರ್, ಮಾರ್ಷಲ್, 1994ರಲ್ಲಿ ಬಂದ ಟಾಟಾ ಸುಮೊ, 2000ದಲ್ಲಿ ಬಂದ ಬೊಲೆರೊ, ಇವೆಲ್ಲ ಏಣಿಯಂತಹ ಕಬ್ಬಿಣದ ಚಾಸಿಯ ಮೇಲೆ ಬಾಡಿ ಕೂರಿಸಿದ ವಾಹನಗಳು. ಕೊಂಡಿ ಹಾಕಲು ಗಟ್ಟಿ ಜಾಗ ಚಾಸಿಯಲ್ಲಿ ದೊರೆಯುತ್ತದೆ. ಸಾಮಾನ್ಯ ಕಾರುಗಳಲ್ಲಿ ಹೀಗೆ ಬೇರೆ ಚಾಸಿ ಇರುವುದಿಲ್ಲ, ತಗಡಿನ ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ಅವುಗಳಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೊಂಡಿ ಹಾಕಿಸುವ ಯೋಚನೆ ಬೇಡವೇ ಬೇಡ.

ಜೀಪು ಎಂದ ಕೂಡಲೇ ಮಿಲಿಟರಿಯವರು ಎಳೆಯುತ್ತಿದ್ದ ಟ್ರೈಲರ್ ಕೆಲವರಿಗೆ ನೆನಪಾಗಬಹುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ವಿಲ್ಲೀಸ್ ಜೀಪಿಗೆಂದು ಮಾಡಿಸಿದ ಆ ಟ್ರೈಲರಿನ ಹೆಸರೇ "ಕಾಲು ಟನ್ನಿನದು". ಹಾದಿಯಿಲ್ಲದ ನೆಲದಲ್ಲಿ ಅದಕ್ಕೆ ಗೊತ್ತುಪಡಿಸಿದ್ದ ಹೊರೆ 500 ಪೌಂಡು, ಅಂದರೆ ಸುಮಾರು 227 ಕೆ.ಜಿ. ಹೊಸ ಜೀಪು, ಪಳಗಿದ ಚಾಲಕ, ಜೊತೆಗೆ ರಿಪೇರಿಗೆ ಪ್ರತ್ಯೇಕ ದಳ ಇದ್ದ ಸೈನ್ಯವೇ ಇಷ್ಟಕ್ಕೆ ನಿಲ್ಲಿಸಿತ್ತು. ನಮ್ಮ ಹೊಲದ ದಾರಿಯಲ್ಲಿ ಇಪ್ಪತ್ತು ವರ್ಷದ ಜೀಪಿನ ಹಿಂದೆ ಒಂದು ಟನ್ ಗೊಬ್ಬರ ಹೇರುವವರು ಇದನ್ನು ಒಮ್ಮೆ ಯೋಚಿಸಬೇಕು.

ತೂಕದ ಲೆಕ್ಕ

ಮೊದಲು ಆರ್.ಸಿ. ಪುಸ್ತಕ ಅಥವಾ ಕಾರ್ಡ್ ತೆಗೆಯಿರಿ. ಅದರಲ್ಲಿ ಖಾಲಿ ವಾಹನದ ತೂಕ ಬರೆದಿರುತ್ತದೆ. ತುಂಬಿದ ವಾಹನದ ಒಟ್ಟು ತೂಕದ ಮಿತಿ ಆರ್.ಸಿ.ಯಲ್ಲಿ ಇಲ್ಲದಿದ್ದರೆ ಕಂಪನಿಯ ಕೈಪಿಡಿಯಲ್ಲಿ ಅಥವಾ ಬಾನೆಟ್ಟಿನ ಒಳಗಿನ ತಗಡಿನ ಫಲಕದಲ್ಲಿ ಸಿಗುತ್ತದೆ. ಕೈಪಿಡಿಯಲ್ಲಿ ಎಳೆಯುವ ಮಿತಿಯನ್ನು ಕೊಟ್ಟಿದ್ದರೆ ಅದೇ ಕೊನೆಯ ಮಾತು. ಟ್ರೈಲರ್ ಕೂಡದು ಎಂದಿದ್ದರೆ ಅದೂ ಕೊನೆಯ ಮಾತೇ.

ಆದರೆ ಹಳೆಯ ವಾಹನದಲ್ಲಿ ಕಾಗದದ ತೂಕವನ್ನು ಪೂರ್ತಿ ನಂಬುವಂತಿಲ್ಲ. ಮೇಲೆ ಕ್ಯಾರಿಯರ್, ಮುಂದೆ ದಪ್ಪ ಬಂಪರ್, ಒಳಗೆ ಹೆಚ್ಚಿನ ಸೀಟು ಎಂದು ವರ್ಷವರ್ಷವೂ ಏನಾದರೊಂದು ಸೇರಿರುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿಗಳು ತೂಗುವ ಯಾವುದಾದರೂ ವೇಬ್ರಿಡ್ಜಿಗೆ ವಾಹನವನ್ನು ಒಯ್ಯಿರಿ. ಒಮ್ಮೆ ಇಡೀ ವಾಹನವನ್ನು, ಇನ್ನೊಮ್ಮೆ ಹಿಂದಿನ ಚಕ್ರಗಳನ್ನು ಮಾತ್ರ ತೂಗಿಸಿ ಚೀಟಿ ಬರೆಸಿಕೊಳ್ಳಿ. ಅಲ್ಲಿ ಕೊಡುವ ಅಲ್ಪ ಶುಲ್ಕ ಈ ಕೆಲಸದಲ್ಲಿ ಖರ್ಚಾಗುವ ಹಣದಲ್ಲೆಲ್ಲ ಹೆಚ್ಚು ಉಪಯೋಗದ್ದು.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಜೀಪಿನ ಖಾಲಿ ತೂಕ 1,500 ಕೆ.ಜಿ., ಅದರಲ್ಲಿ ಕೂರುವ ಇಬ್ಬರದು 130 ಕೆ.ಜಿ., ಖಾಲಿ ಟ್ರೈಲರ್ 250 ಕೆ.ಜಿ., ಅದರ ಮೇಲಿನ ಹೊರೆ 450 ಕೆ.ಜಿ. ಇರಲಿ. ಟ್ರೈಲರಿನದು ಒಟ್ಟು 700, ಎಲ್ಲ ಸೇರಿ 2,330 ಕೆ.ಜಿ. ಆಯಿತು.

ಟ್ರೈಲರಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ ಅದರ ಒಟ್ಟು ತೂಕ 750 ಕೆ.ಜಿ.ಯನ್ನೂ ಮೀರಬಾರದು, ಎಳೆಯುವ ವಾಹನದ ಅರ್ಧ ತೂಕವನ್ನೂ ಮೀರಬಾರದು ಎಂಬುದು ಯೂರೋಪಿನ ದೇಶಗಳಲ್ಲಿರುವ ನಿಯಮ. ಅಲ್ಲಿನ ರಸ್ತೆ, ಅಲ್ಲಿನ ವಾಹನಗಳಿಗೇ ಇಷ್ಟು ಎಚ್ಚರವಿರುವಾಗ ನಾವು ಇದನ್ನು ಮೇಲಿನ ಗಡಿ ಎಂದು ಇಟ್ಟುಕೊಂಡು, ಅದಕ್ಕಿಂತ ಸ್ವಲ್ಪ ಕೆಳಗೇ ಉಳಿಯುವುದು ಲೇಸು. ನಮ್ಮ ಉದಾಹರಣೆಯ 700 ಕೆ.ಜಿ. ಈ ಗಡಿಯೊಳಗೆ ಇದೆ.

450 ಕೆ.ಜಿ. ಎಂದರೆ ಎಷ್ಟು? 40 ಲೀಟರಿನ ಕ್ಯಾನಿನಲ್ಲಿ ಹಾಲಿನ ತೂಕವೇ ಸುಮಾರು 41 ಕೆ.ಜಿ. ಕ್ಯಾನಿನದ್ದೂ ಸೇರಿ 50 ಎಂದುಕೊಂಡರೆ 9 ಕ್ಯಾನು. ಶಿಕಾರಿಪುರದ ಕೆ.ಎಂ.ಎಫ್. ಪಶು ಆಹಾರ ಘಟಕದಿಂದ ಬರುವ 50 ಕೆ.ಜಿ. ಚೀಲವಾದರೂ 9 ಚೀಲ.

ಇಲ್ಲಿಯವರೆಗೆ ತೊಂದರೆಯಿಲ್ಲ, ಏಕೆಂದರೆ ಕ್ಯಾನು, ಚೀಲಗಳನ್ನು ಎಣಿಸಬಹುದು. ಎಡವಟ್ಟಾಗುವುದು ಎಣಿಸಲಾಗದ ಹೊರೆಯಲ್ಲಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ರೈಲರ್ ಪೆಟ್ಟಿಗೆಯಲ್ಲಿ 36 ಘನ ಅಡಿ, ಅಂದರೆ ಸುಮಾರು ಒಂದು ಘನ ಮೀಟರ್ ಜಾಗ. ಅದರ ಅಂಚಿನವರೆಗೆ ಒಣ ಹುಲ್ಲು ತುಂಬಿದರೆ ನೂರು ಕೆ.ಜಿ.ಯೂ ಬರುವುದಿಲ್ಲ. ಕತ್ತರಿಸಿದ ಹಸಿ ಜೋಳದ ಮೇವನ್ನು ತುಳಿಯದೆ ತುಂಬಿದರೆ 300 ಕೆ.ಜಿ.ಯ ಆಸುಪಾಸು. ಅದೇ ಪೆಟ್ಟಿಗೆಗೆ ಹಸಿ ಸಗಣಿ ಗೊಬ್ಬರ ತುಂಬಿದರೆ 700ರಿಂದ 900 ಕೆ.ಜಿ. ಮರಳಾದರೆ 1,600 ಕೆ.ಜಿ.! ಪೆಟ್ಟಿಗೆ ಒಂದೇ, ಕಣ್ಣಿಗೆ ಕಾಣುವ ಹೊರೆಯೂ ಒಂದೇ. ಆದ್ದರಿಂದ ಪೆಟ್ಟಿಗೆಯ ಒಳಮೈಗೆ ಗೊಬ್ಬರದ ಗುರುತೆಂದು ಅರ್ಧ ಎತ್ತರದಲ್ಲಿ ಬಣ್ಣದ ಗೆರೆಯೊಂದನ್ನು ಎಳೆಯಿರಿ. ತುಂಬುವ ಆಳುಗಳಿಗೆ ಅದನ್ನು ತೋರಿಸಿ ಹೇಳಿರಿ. ಮರಳು, ಜಲ್ಲಿ, ಕಲ್ಲು ಈ ಟ್ರೈಲರಿನ ಕೆಲಸವಲ್ಲ, ಅದಕ್ಕೆ ಟ್ರ್ಯಾಕ್ಟರ್ ಇದೆ.

ಮೂಕಿಯ ಪಾಠ

ಎತ್ತಿನ ಗಾಡಿ ಹೂಡಿ ಗೊತ್ತಿರುವವರಿಗೆ ಈ ಭಾಗವನ್ನು ಹೇಳಿಕೊಡಬೇಕಾದ ಅಗತ್ಯವೇ ಇಲ್ಲ. ಹೊರೆ ಗಾಡಿಯ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆಯನ್ನು ಮೇಲಕ್ಕೆ ಎತ್ತುತ್ತದೆ. ಮುಂದಕ್ಕೆ ಹೆಚ್ಚಾದರೆ ನೊಗ ಕುತ್ತಿಗೆಯನ್ನು ಅಮುಕಿ ಎತ್ತು ಬೇಗ ಸೋಲುತ್ತದೆ. ಆದ್ದರಿಂದಲೇ ಹಿರಿಯರು ಹೇರು ಹೇರುವಾಗ ಆಗಾಗ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ, ಸ್ವಲ್ಪ ಮುಂಭಾರ ಇರುವಂತೆ ಸರಿಪಡಿಸುತ್ತಿದ್ದರು.

ಒಂದೇ ಅಚ್ಚಿನ ಟ್ರೈಲರಿಗೂ ಲೆಕ್ಕ ಇದೇ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ, ಅಂದರೆ ಜೀಪಿನ ಕೊಂಡಿಯ ಮೇಲೆ, ಕೂರಬೇಕು. 700 ಕೆ.ಜಿ. ಟ್ರೈಲರಿಗೆ ಇದು 70ರಿಂದ 105 ಕೆ.ಜಿ. ಆಗುತ್ತದೆ. ಇದಕ್ಕಿಂತ ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸಲು ತೊಡಗುತ್ತದೆ. ವೇಗ ಏರಿದಂತೆ ಅಲ್ಲಾಟವೂ ಏರಿ, ಕೊನೆಗೆ ಜೀಪನ್ನೇ ಪಕ್ಕಕ್ಕೆ ಎಳೆದು ಉರುಳಿಸಬಲ್ಲದು. ಹಿಂಭಾರದ ಟ್ರೈಲರ್ ಹಳ್ಳಿಯ ದಾರಿಯಲ್ಲಿ ಏನೂ ಮಾಡದೆ ಸುಮ್ಮನಿದ್ದು, ಡಾಂಬರು ರಸ್ತೆಗೆ ಬಂದು ವೇಗ ಹೆಚ್ಚಿದ ಮೇಲೆ ತನ್ನ ಗುಣ ತೋರಿಸುತ್ತದೆ. ಇದೇ ಇದರ ಅಪಾಯ.

ಅಳೆಯುವುದು ಸುಲಭ. ಸಮನಾದ ನೆಲದಲ್ಲಿ ಟ್ರೈಲರಿನ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಚೀಲ ತೂಗುವ ಪ್ಲಾಟ್‌ಫಾರಂ ತಕ್ಕಡಿಯ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಜೀಪಿನ ಕೊಂಡಿ ಇರುವ ಎತ್ತರಕ್ಕೇ ಬರುವಂತೆ ಮೂಕಿಯನ್ನು ಅದರ ಮೇಲೆ ಇಳಿಸಿ. ತಕ್ಕಡಿ ತೋರಿಸುವುದರಲ್ಲಿ ಮರದ ತುಂಡಿನ ತೂಕ ಕಳೆಯಿರಿ. ಇದಕ್ಕೆ ವೇಬ್ರಿಡ್ಜ್ ಆಗುವುದಿಲ್ಲ, ಅದು ಟನ್ನುಗಳನ್ನು ತೂಗುವ ಯಂತ್ರ, ಹತ್ತು ಕೆ.ಜಿ.ಯ ವ್ಯತ್ಯಾಸವನ್ನು ಅದರಲ್ಲಿ ನಂಬಲಾಗದು. ಕ್ಯಾನುಗಳನ್ನು ಒಂದು ಸಾಲು ಹಿಂದೆ ಮುಂದೆ ಸರಿಸಿ ಬೇಕಾದ ತೂಕ ಬಂದಾಗ ಆ ಜಾಗವನ್ನು ಗುರುತು ಮಾಡಿಟ್ಟುಕೊಂಡರೆ ದಿನವೂ ತೂಗುವ ಕೆಲಸ ಉಳಿಯುತ್ತದೆ.

ಕೊಂಡಿಯ ಮೇಲೆ ಕೂತ 90 ಕೆ.ಜಿ. ಜೀಪಿಗೆ ಬರಿಯ 90 ಕೆ.ಜಿ. ಅಲ್ಲ ಎಂಬುದನ್ನೂ ಗಮನಿಸಬೇಕು. ಕೊಂಡಿ ಹಿಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದೆ, ಜೀಪಿನ ಎರಡು ಅಚ್ಚುಗಳ ನಡುವಿನ ಅಂತರ 2.4 ಮೀಟರ್ ಇದ್ದರೆ, ತಕ್ಕಡಿಯ ಕೋಲಿನಂತೆ ಆಗಿ ಮುಂದಿನ ಚಕ್ರಗಳು ಸುಮಾರು 37 ಕೆ.ಜಿ. ಹಗುರಾಗುತ್ತವೆ, ಹಿಂದಿನವು 127 ಕೆ.ಜಿ. ಭಾರವಾಗುತ್ತವೆ. ಮುಂದಿನ ಚಕ್ರ ಹಗುರಾದರೆ ಸ್ಟೀರಿಂಗ್ ಹಿಡಿತ ಕಡಿಮೆಯಾಗುತ್ತದೆ. ಹೀಗಾಗಿ ಟ್ರೈಲರಿನ ಜೊತೆಗೆ ಜೀಪಿನ ಹಿಂಭಾಗದಲ್ಲಿಯೂ ಆರು ಜನರನ್ನು ಕೂರಿಸಿಕೊಂಡು ಹೊರಡುವುದು ಸಲ್ಲದು. ಆ ಜಾಗದ ಹೊರೆಯನ್ನು ಕೊಂಡಿ ಆಗಲೇ ತೆಗೆದುಕೊಂಡಾಗಿದೆ. ಹಿಂದಿನ ಕಮಾನು ಪಟ್ಟಿಗೆ ಒಂದು ಎಲೆ ಹೆಚ್ಚು ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳುವವರಿದ್ದಾರೆ. ಜೀಪಿನ ಬೆನ್ನು ನೇರವಾಗಿ ಕಾಣಬಹುದು ಅಷ್ಟೆ. ಅಚ್ಚು, ಬೇರಿಂಗ್, ಟೈರು, ಬ್ರೇಕುಗಳ ಶಕ್ತಿ ಒಂದು ಕೆ.ಜಿ.ಯಷ್ಟೂ ಹೆಚ್ಚುವುದಿಲ್ಲ.

ನಿಲ್ಲಿಸುವ ಲೆಕ್ಕ

ನಮ್ಮ ಉದಾಹರಣೆಯ ಜೀಪು ಇಬ್ಬರ ಸಮೇತ 1,630 ಕೆ.ಜಿ. ಅದರ ಬ್ರೇಕು ಇಷ್ಟು ವರ್ಷ ನಿಲ್ಲಿಸಿದ್ದು ಇದನ್ನು. ಈಗ ಅದೇ ಬ್ರೇಕು 2,330 ಕೆ.ಜಿ.ಯನ್ನು ನಿಲ್ಲಿಸಬೇಕು, ನೂರಕ್ಕೆ 43ರಷ್ಟು ಹೆಚ್ಚು. ನಿಲ್ಲುವ ದೂರವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ.

ಬ್ರೇಕು ಸಾಧಾರಣ ಸ್ಥಿತಿಯಲ್ಲಿದೆ, ರಸ್ತೆ ಒಣಗಿದೆ, ಚಾಲಕನ ಕಾಲು ಪೆಡಲಿಗೆ ಹೋಗಲು ಒಂದು ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರಿಯ ಜೀಪು ಸುಮಾರು 26 ಮೀಟರಿನಲ್ಲಿ ನಿಲ್ಲುತ್ತದೆ, ಟ್ರೈಲರ್ ಇದ್ದರೆ 33 ಮೀಟರ್ ಬೇಕು. 60 ಕಿ.ಮೀ. ವೇಗದಲ್ಲಿ ಬರಿಯ ಜೀಪಿಗೆ 52, ಟ್ರೈಲರ್ ಇದ್ದರೆ 67 ಮೀಟರ್. ಶಾಲೆ ಬಿಟ್ಟ ಹೊತ್ತಿನಲ್ಲಿ, ದನಗಳು ಮನೆಗೆ ಮರಳುವ ಹೊತ್ತಿನಲ್ಲಿ ನಮ್ಮ ಊರ ರಸ್ತೆಗಳಲ್ಲಿ 67 ಮೀಟರ್ ಖಾಲಿ ಜಾಗ ಎಲ್ಲಿ ಸಿಗುತ್ತದೆ? ಟ್ರೈಲರ್ ಕಟ್ಟಿದಾಗ 40 ಕಿ.ಮೀ. ಮೀರಬಾರದು ಎಂದು ನಾವು ಹೇಳುವುದು ಈ ಲೆಕ್ಕದಿಂದಲೇ. ಮಳೆಗಾಲದಲ್ಲಿ ಅದನ್ನೂ ಇಳಿಸಿಕೊಳ್ಳಬೇಕು.

ಇನ್ನು ಇಳಿಜಾರು. ಕುಬಟೂರಿನ ಸುತ್ತ ಘಾಟಿಗಳಿಲ್ಲ, ನಿಜ. ಆದರೆ ದಿಬ್ಬದ ಹೊಲದಿಂದ ಇಳಿಯುವ ಬಂಡಿ ದಾರಿಗಳಿವೆ, ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆಯ ಆಳ ಇರುವ ಕೆರೆ ಏರಿಗಳಿವೆ. ಹತ್ತಕ್ಕೆ ಒಂದರಂತೆ ಇಳಿಯುವ ದಾರಿಯಲ್ಲಿ 2,330 ಕೆ.ಜಿ.ಯನ್ನು ಕೆಳಕ್ಕೆ ತಳ್ಳುವ ಬಲ ಸುಮಾರು 233 ಕೆ.ಜಿ.ಯಷ್ಟು. ಎಂಜಿನ್ನಿನ ಸಹಾಯವಿಲ್ಲದೆ ಬರಿಯ ಬ್ರೇಕಿನಲ್ಲಿಯೇ 50 ಮೀಟರ್ ಎತ್ತರ ಇಳಿದರೆ, ಡ್ರಮ್ಮುಗಳಲ್ಲಿ ಹುಟ್ಟುವ ಕಾವು ಮೂರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ಹೀಗೆ ಕಾದ ಬ್ರೇಕು ಹಿಡಿತ ಬಿಡುತ್ತದೆ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡಿರುವುದರಿಂದ ಬೇಗ ಕುದಿದು ಆವಿಯಾಗಿ, ಪೆಡಲು ಒಮ್ಮೆಲೇ ನೆಲಕ್ಕೆ ಹೋಗಿಬಿಡಬಹುದು.

ಆದ್ದರಿಂದ ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು, ಎಂಜಿನ್ ಆರಿಸುವುದು ಖಂಡಿತ ಕೂಡದು. ಬೂಸ್ಟರ್ ಇರುವ ವಾಹನಗಳಲ್ಲಿ ಎಂಜಿನ್ ನಿಂತರೆ ಎರಡು ಮೂರು ಸಲ ಪೆಡಲು ತುಳಿಯುವಷ್ಟರಲ್ಲಿ ಬೂಸ್ಟರಿನ ಬಲ ತೀರಿ ಬ್ರೇಕು ಕಲ್ಲಿನಂತಾಗುತ್ತದೆ. ಹುಲಿಕಲ್, ಆಗುಂಬೆ ಘಾಟಿಗಳಲ್ಲಿ ಇಂತಹ ಟ್ರೈಲರ್ ಎಳೆದುಕೊಂಡು ಇಳಿಯುವ ಯೋಚನೆಯನ್ನೇ ಮಾಡಬೇಡಿ.

ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ. ನಾಲ್ಕೂ ಚಕ್ರಗಳ ಡ್ರಮ್ಮು ಬಿಚ್ಚಿಸಿ ಲೈನರು, ವೀಲ್ ಸಿಲಿಂಡರು, ರಬ್ಬರ್ ಕಪ್ಪುಗಳನ್ನು ಕಣ್ಣಾರೆ ನೋಡಿ. ಮುಂದೆ ಡಿಸ್ಕ್ ಇದ್ದರೆ ಪ್ಯಾಡುಗಳನ್ನು ನೋಡಿ. ರಬ್ಬರ್ ಹೋಸ್‌ಗಳು ಬಿರುಕು ಬಿಟ್ಟಿದ್ದರೆ ಹೊಸವನ್ನು ಹಾಕಿಸಿ. ಹ್ಯಾಂಡ್ ಬ್ರೇಕು ಟ್ರೈಲರ್ ಸಮೇತ ಇಳಿಜಾರಿನಲ್ಲಿ ವಾಹನವನ್ನು ಹಿಡಿದು ನಿಲ್ಲಿಸುವಂತಿರಬೇಕು. ಕಲ್ಲು ಕೊಟ್ಟು ನಿಲ್ಲಿಸುವುದೇ ಅಭ್ಯಾಸವಾಗಿರುವ ಜೀಪುಗಳು ಮೊದಲು ಗ್ಯಾರೇಜಿಗೆ ಹೋಗಲಿ, ಟ್ರೈಲರ್ ಆಮೇಲೆ ಬರಲಿ. ಕೈಯಲ್ಲಿ ಹಣ ಸೀಮಿತವಾಗಿದ್ದರೆ ಮೊದಲ ರೂಪಾಯಿಯಿಂದ ಕೊನೆಯ ರೂಪಾಯಿಯವರೆಗೆ ಬ್ರೇಕಿಗೇ ಹಾಕಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

750 ಕೆ.ಜಿ. ಸಾಲದು, ಹೆಚ್ಚು ಹೊರೆ ಬೇಕೇ ಬೇಕು ಎನ್ನುವವರು ಟ್ರೈಲರಿನಲ್ಲಿಯೇ ಬ್ರೇಕು ಇರುವುದನ್ನು ಕೊಳ್ಳಬೇಕು. ಜೀಪು ನಿಧಾನಿಸಿದಾಗ ಟ್ರೈಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಅದರ ಚಕ್ರಗಳಿಗೆ ಬ್ರೇಕು ಹಿಡಿಯುವ ಏರ್ಪಾಡಿಗೆ ಓವರ್‌ರನ್ ಬ್ರೇಕು ಎನ್ನುತ್ತಾರೆ. ಅದಿದ್ದರೂ ಕಂಪನಿ ಹೇಳಿದ ಎಳೆಯುವ ಮಿತಿಯನ್ನು ದಾಟುವಂತಿಲ್ಲ.

ಕೊಂಡಿ ಮತ್ತು ಚಾಸಿ

ಕೊಂಡಿಯನ್ನು ಬಂಪರಿಗೆ ಹಾಕಬಾರದು. ಬಂಪರ್ ಇರುವುದು ತಟ್ಟುವ ಪೆಟ್ಟು ತಾಳಲು, ಎಳೆತ ತಾಳಲು ಅಲ್ಲ. ಚಾಸಿಯ ಎರಡೂ ಉದ್ದ ತೊಲೆಗಳಿಗೆ ಸೇರುವ ಗಟ್ಟಿ ಅಡ್ಡಪಟ್ಟಿ ಕೂರಿಸಿ, ಅದಕ್ಕೆ ಕೊಂಡಿಯನ್ನು ಬೋಲ್ಟಿನಿಂದ ಬಿಗಿಯಬೇಕು. ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕಿ ಇದೆಯೇ ನೋಡಿ ತೆಗೆದುಕೊಳ್ಳಿ. ಗುರುತಿಲ್ಲದ ಬೋಲ್ಟು ಈ ಜಾಗಕ್ಕೆ ಬೇಡ. ಚಾಸಿಗೆ ಸುಮ್ಮನೆ ವೆಲ್ಡಿಂಗ್ ಮಾಡಿಸಿದರೆ ಕಾದ ಜಾಗದ ಅಂಚಿನಲ್ಲಿ ಕಬ್ಬಿಣ ದುರ್ಬಲವಾಗಿ, ವರ್ಷ ಕಳೆಯುವುದರೊಳಗೆ ಅಲ್ಲಿಯೇ ಸೀಳು ಬಿಡಬಹುದು.

ಕೊಂಡಿ ಹಾಕಿಸುವುದಕ್ಕೆ ಮೊದಲು ಚಾಸಿಯ ಕೆಸರು ತೊಳೆದು ಕಬ್ಬಿಣದ ಬ್ರಷ್ಷಿನಿಂದ ಉಜ್ಜಿ. ಹಿಂದಿನ ಕಮಾನು ಪಟ್ಟಿಯ ಹ್ಯಾಂಗರುಗಳ ಹತ್ತಿರ ಸಣ್ಣ ಸುತ್ತಿಗೆಯಿಂದ ತಟ್ಟಿರಿ. ಗಟ್ಟಿ ಕಬ್ಬಿಣ ಗಂಟೆಯಂತೆ ನುಡಿಯುತ್ತದೆ, ತುಕ್ಕು ತಿಂದದ್ದು ಮಡಕೆಯಂತೆ ಸದ್ದು ಮಾಡುತ್ತದೆ. ನಮ್ಮ ಕಡೆಯ ಮಳೆಗಾಲದ ಕೆಸರು, ಜೊತೆಗೆ ಗೊಬ್ಬರದ ಸಾರ, ಎರಡೂ ಸೇರಿ ಈ ಜಾಗವನ್ನು ಮೊದಲು ತಿನ್ನುತ್ತವೆ. ಸದ್ದು ಸರಿಯಿಲ್ಲದಿದ್ದರೆ ಆ ವಾಹನದ ಮಟ್ಟಿಗೆ ಟ್ರೈಲರಿನ ಯೋಚನೆಯನ್ನು ಕೈಬಿಡಬೇಕು.

ಕೊಂಡಿಯ ಜೊತೆಗೆ ಎರಡು ಸರಪಳಿಗಳು ಅತ್ಯವಶ್ಯ. ಅವು ಮೂಕಿಯ ಕೆಳಗೆ ಒಂದನ್ನೊಂದು ದಾಟಿ ಹೋಗಿ, ಚಾಸಿಯ ಬೇರೆ ಬೇರೆ ಕಡೆಗೆ ಸೇರಿರಬೇಕು. ಪಿನ್ನು ಕಳಚಿದರೂ ಮೂಕಿ ನೆಲಕ್ಕೆ ಚುಚ್ಚಿಕೊಳ್ಳದೆ ಸರಪಳಿಯ ತೊಟ್ಟಿಲಿನಲ್ಲಿ ಕೂರುತ್ತದೆ. ಪಿನ್ನಿಗೆ ತಂತಿ ಸುತ್ತುವುದನ್ನು ಬಿಟ್ಟು ಲಾಕ್ ಇರುವ ಪಿನ್ನನ್ನೇ ಬಳಸಿ.

ಎಂಜಿನ್, ಕ್ಲಚ್ಚು, ಟೈರು

ರೇಡಿಯೇಟರಿನ ರೆಕ್ಕೆಗಳ ನಡುವೆ ಭತ್ತದ ಹೊಟ್ಟು, ಹುಳು ತುಂಬಿಕೊಂಡಿರುತ್ತವೆ, ಒಳಬದಿಯಿಂದ ಹೊರಕ್ಕೆ ನೀರು ಬಿಟ್ಟು ಮೆಲ್ಲಗೆ ತೊಳೆಯಿರಿ. ಬರಿಯ ನೀರಿನ ಬದಲು ಕೂಲಂಟ್ ಹಾಕಿ, ಫ್ಯಾನ್ ಬೆಲ್ಟು, ಹೋಸ್‌ಗಳನ್ನು ಹೊಸದು ಮಾಡಿ. ಎಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಹಾಕುವ ಪದ್ಧತಿ ಹಲವು ಗ್ಯಾರೇಜುಗಳಲ್ಲಿ ಇದೆ, ಕಿತ್ತಿದ್ದರೆ ಮತ್ತೆ ಹಾಕಿಸಿ. ಬಿಸಿಯಾಗಲು ಕಾರಣ ಬೇರೆಯೇ ಇರುತ್ತದೆ.

ಕ್ಲಚ್ಚಿಗೆ ಸುಲಭದ ಪರೀಕ್ಷೆ ಒಂದಿದೆ. ಎದುರಿಗೆ ಯಾರೂ ಇಲ್ಲದ ಬಯಲಿನಲ್ಲಿ ಹ್ಯಾಂಡ್ ಬ್ರೇಕು ಎಳೆದು, ಮೂರನೆಯ ಗೇರು ಹಾಕಿ, ನಿಧಾನವಾಗಿ ಕ್ಲಚ್ಚು ಬಿಡಿ. ಎಂಜಿನ್ ಕೂಡಲೇ ಆರಿಹೋದರೆ ಕ್ಲಚ್ಚು ಗಟ್ಟಿಯಿದೆ. ಆರದೆ ಗುರುಗುಟ್ಟುತ್ತಲೇ ಇದ್ದರೆ ಪ್ಲೇಟು ಸವೆದಿದೆ, ಟ್ರೈಲರಿನೊಂದಿಗೆ ಮೊದಲ ಏರಿನಲ್ಲಿಯೇ ಸುಟ್ಟ ವಾಸನೆ ಬರುತ್ತದೆ. ಬೆಳಗಿನ ಹಾಲನ್ನು ದಾರಿಯಲ್ಲಿ ನಿಲ್ಲಿಸುವುದು ಸಾಮಾನ್ಯವಾಗಿ ಇಂತಹ ಸಣ್ಣ ಅಸಡ್ಡೆಯೇ. ಕರೆದ ಹಾಲು ಎರಡು ಮೂರು ಗಂಟೆಯೊಳಗೆ ತಂಪಾಗದಿದ್ದರೆ ಅದರ ಗುಣಮಟ್ಟ ಕೆಡುತ್ತದೆ, ಆಮೇಲೆ ಯಾರನ್ನು ದೂರಿಯೂ ಫಲವಿಲ್ಲ. ಗೇರ್ ಬಾಕ್ಸು, ಡಿಫರೆನ್ಷಿಯಲ್ಲಿನ ಆಯಿಲ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು, ಇವನ್ನೂ ಇದೇ ಸಮಯದಲ್ಲಿ ನೋಡಿಸಿಬಿಡಿ.

ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ ತಯಾರಾದದ್ದು ಎಂದರ್ಥ. ಗುಬ್ಬು ಚೆನ್ನಾಗಿದ್ದರೂ ತೀರ ಹಳೆಯದಾಗಿ ಪಕ್ಕದಲ್ಲಿ ಬಿರುಕು ಬಿಟ್ಟ ಟೈರನ್ನು ಜೀಪಿನ ಹಿಂದಿನ ಚಕ್ರಕ್ಕಾಗಲಿ ಟ್ರೈಲರಿಗಾಗಲಿ ಹಾಕಬಾರದು. ಜೀಪಿನಿಂದ ಬಿಚ್ಚಿದ ರಿಸೋಲ್ ಟೈರನ್ನು "ಟ್ರೈಲರಿಗೆ ಸಾಕು" ಎಂದು ಹಾಕುವುದುಂಟು. ಆ ಎರಡೇ ಟೈರುಗಳ ಮೇಲೆ 600 ಕೆ.ಜಿ.ಗೂ ಹೆಚ್ಚು ಭಾರ ಕೂರುತ್ತದೆ ಎಂಬುದು ನೆನಪಿರಲಿ. ಟ್ರೈಲರಿನದೇ ಸ್ಟೆಪ್ನಿ, ಅದಕ್ಕೆ ಒಗ್ಗುವ ಪಾನಾ ಜೊತೆಗಿರಲಿ.

ದೀಪಗಳ ವಿಷಯ ಚಿಕ್ಕದಾದರೂ ಮುಖ್ಯ. ಟ್ರೈಲರ್ ಹಿಂದೆ ಬಂದ ಕೂಡಲೇ ಜೀಪಿನ ಹಿಂದಿನ ದೀಪಗಳು ಮರೆಯಾಗುತ್ತವೆ. ಟ್ರೈಲರಿಗೆ ಕೆಂಪು ದೀಪ, ಬ್ರೇಕ್ ದೀಪ, ಇಂಡಿಕೇಟರ್, ಹಿಂದೆ ಕೆಂಪು ಹೊಳಪು ಪಟ್ಟಿ, ಎಲ್ಲವೂ ಇರಬೇಕು. ಬೆಳಗಿನ ಹಾಲು ಹೊರಡುವುದೇ ಕತ್ತಲಲ್ಲಿ, ಮಂಜಿನಲ್ಲಿ.

ಹಸುವನ್ನು ಒಯ್ಯಬಹುದೇ?

ಈ ಪ್ರಶ್ನೆ ಬರುತ್ತದೆಂದು ಬಲ್ಲೆವು. ಈ ಅಳತೆಯ ಟ್ರೈಲರಿನಲ್ಲಿ ಬೇಡ ಎಂಬುದೇ ನಮ್ಮ ಉತ್ತರ. ಮಿಶ್ರತಳಿಯ ಹಸು 400 ಕೆ.ಜಿ. ತೂಗಿದರೂ ತೂಕದ ಲೆಕ್ಕದಲ್ಲಿ ಹಿಡಿಸಬಹುದು. ಆದರೆ ಹಸು ಕ್ಯಾನಿನಂತೆ ಇಟ್ಟಲ್ಲಿ ಇರುವುದಿಲ್ಲ. ಅದರ ಭಾರವೆಲ್ಲ ಎತ್ತರದಲ್ಲಿದೆ, ಒಂದು ಹೆಜ್ಜೆ ಹಿಂದಿಟ್ಟರೆ ಮೂಕಿಯ ಲೆಕ್ಕ ತಲೆಕೆಳಗಾಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲಿದರೆ ಟ್ರೈಲರೂ ವಾಲುತ್ತದೆ. ಪಶು ಸಾಗಾಣಿಕೆ ವಾಹನದಲ್ಲಿ ಹಸು, ಎಮ್ಮೆ ಒಂದೊಂದಕ್ಕೂ ಕಡಿಮೆಯೆಂದರೆ 2 ಚದರ ಮೀಟರಿನ ಪ್ರತ್ಯೇಕ ವಿಭಾಗ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಸೇರಿಸಿದ ತಿದ್ದುಪಡಿ ಹೇಳುತ್ತದೆ. ಪಶುವೈದ್ಯರ ಪ್ರಮಾಣಪತ್ರವೂ ಬೇಕು. ಅಡ್ಡಪಟ್ಟಿ, ಕಾಲು ಜಾರದ ನೆಲ ಇರುವ ಪಿಕಪ್ ವಾಹನವನ್ನು ಬಾಡಿಗೆಗೆ ಪಡೆಯುವುದೇ ಕ್ಷೇಮ. ಗಬ್ಬದ ಹಸುವಿನ ವಿಷಯದಲ್ಲಂತೂ ವೈದ್ಯರನ್ನು ಕೊಟ್ಟಿಗೆಗೆ ಕರೆಸುವುದನ್ನು ಮೊದಲು ಯೋಚಿಸಿ.

ಕಾಗದ ಪತ್ರ

ಮೋಟಾರು ವಾಹನ ಕಾಯಿದೆ 1988ರ ಪ್ರಕಾರ ಟ್ರೈಲರಿಗೂ ನೋಂದಣಿ ಆಗಬೇಕು. ಎಳೆಯುವ ವಾಹನದ ನಂಬರನ್ನು ಟ್ರೈಲರಿನ ಮೇಲೆಯೂ ಬರೆಯಿಸಿರಬೇಕು. ಊರಿನಲ್ಲಿ ಬೆಸೆದ ಟ್ರೈಲರ್ ಅಗ್ಗವೆಂದು ಕೊಂಡು ಆಮೇಲೆ ನೋಂದಣಿಗೆ ಅಲೆಯುವುದಕ್ಕಿಂತ, ಮಾರಾಟದ ನಮೂನೆ 21 ಮತ್ತು ರಸ್ತೆ ಯೋಗ್ಯತೆಯ ನಮೂನೆ 22 ಕೊಡುವ ತಯಾರಕರಿಂದಲೇ ಕೊಳ್ಳಿ. ಮುಂಗಡ ಕೊಡುವ ಮೊದಲೇ ಸಾರಿಗೆ ಕಚೇರಿಯಲ್ಲಿ, ಕೆ.ಎ. 15 ಸಂಖ್ಯೆಯವರು ಸಾಗರದಲ್ಲಿ, ಕೆ.ಎ. 14ರವರು ಶಿವಮೊಗ್ಗದಲ್ಲಿ, ನಿಮ್ಮ ಜೀಪಿಗೆ ಟ್ರೈಲರ್ ಸೇರಿಸಲು ಏನೇನು ಬೇಕೆಂದು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿದಿದ್ದರೆ ಮೊದಲು ಅದು ಆಗಲಿ. ವಿಮಾ ಕಂಪನಿಗೂ ಟ್ರೈಲರ್ ವಿಷಯ ತಿಳಿಸಿ ಪಾಲಿಸಿಯಲ್ಲಿ ಸೇರಿಸಿ. ನೆರೆಹೊರೆಯವರ ಹಾಲನ್ನು ಬಾಡಿಗೆ ಪಡೆದು ಸಾಗಿಸುವ ಆಲೋಚನೆ ಇದ್ದರೆ ಖಾಸಗಿ ನೋಂದಣಿ, ಖಾಸಗಿ ವಿಮೆ ಅದಕ್ಕೆ ಸಲ್ಲುವುದಿಲ್ಲ.

ಮೊದಲ ಓಡಾಟ

ಒಕ್ಕಣೆ ಮುಗಿದ ಕಣ ಅಥವಾ ಖಾಲಿ ಬಯಲಿನಲ್ಲಿ ಖಾಲಿ ಟ್ರೈಲರಿನೊಂದಿಗೆ ಒಂದು ದಿನ ಅಭ್ಯಾಸ ಮಾಡಿ. ಹಿಂದಕ್ಕೆ ಬಿಡುವಾಗ ಟ್ರೈಲರ್ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸಬೇಕು. ಸ್ಟೀರಿಂಗ್ ಚಕ್ರದ ಕೆಳತುದಿಯನ್ನು ಹಿಡಿದುಕೊಂಡರೆ ಕೈ ಹೋದ ಕಡೆಗೇ ಟ್ರೈಲರ್ ಹೋಗುವುದರಿಂದ ಕಲಿಯುವುದು ಸುಲಭ. ಜೀಪು ಗಿಡ್ಡ, ಟ್ರೈಲರೂ ಗಿಡ್ಡ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಹಾಗಾದಾಗ ಬಲವಂತ ಮಾಡದೆ ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಬಿಡಿ.

ರಸ್ತೆಯಲ್ಲಿ ಟ್ರೈಲರ್ ಅಲ್ಲಾಡಲು ಶುರುಮಾಡಿದರೆ ಬ್ರೇಕನ್ನು ಜೋರಾಗಿ ತುಳಿಯಬೇಡಿ, ಸ್ಟೀರಿಂಗನ್ನು ಅದಕ್ಕೆ ಎದುರಾಗಿ ತಿರುಗಿಸಲೂ ಹೋಗಬೇಡಿ. ಸ್ಟೀರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರ್ ಬಿಡಿ, ವೇಗ ಇಳಿದಂತೆ ಅಲ್ಲಾಟ ತಾನೇ ನಿಲ್ಲುತ್ತದೆ. ನಿಂತ ಮೇಲೆ ಇಳಿದು ಹೊರೆಯನ್ನು ಮುಂದಕ್ಕೆ ಸರಿಸಿ.

ಅರ್ಧ ಹೊರೆಯೊಂದಿಗೆ ಮೊದಲ ಸಲ ಆನವಟ್ಟಿಯವರೆಗೆ ಹೋಗಿ ಬಂದರೆ ಸಾಕು. ಬಂದ ಕೂಡಲೇ ಜೀಪಿನ ನಾಲ್ಕು, ಟ್ರೈಲರಿನ ಎರಡು ಹಬ್ಬುಗಳ ಹತ್ತಿರ ಅಂಗೈ ಒಡ್ಡಿ ನೋಡಿ. ಎಲ್ಲ ಒಂದೇ ಹದದಲ್ಲಿ ಬೆಚ್ಚಗಿರಬೇಕು. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಚಕ್ರದ ನಟ್ಟುಗಳನ್ನು, ಕೊಂಡಿಯ ಬೋಲ್ಟುಗಳನ್ನು 50 ಕಿ.ಮೀ. ಓಡಿದ ಮೇಲೆ ಒಮ್ಮೆ, ಮತ್ತೆ ಒಂದು ವಾರ ಬಿಟ್ಟು ಇನ್ನೊಮ್ಮೆ ಬಿಗಿ ಮಾಡಿ. ಕ್ಯಾನುಗಳನ್ನು ತರುವ ಟ್ರೈಲರಿನಲ್ಲಿ ಗೊಬ್ಬರ ಹೊತ್ತಿದ್ದರೆ, ಮರುದಿನದ ಹಾಲಿಗೆ ಮೊದಲು ಸೋಡಾ ಹಾಕಿದ ಬಿಸಿನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿ.